ಮೂರು ಕಲ್ಲಿನ ಒಲೆ, ಹತ್ತು ಸೀಟಿನ ಸಭೆ: ಯಾಪ್ ರಾಜ್ಯದ ಚುನಾವಣೆಯನ್ನು ಓದುವುದು ಹೇಗೆ

‘ಗವರ್ನರ್’ ಎಂಬ ಪದ ಕಿವಿಗೆ ಬಿದ್ದರೆ ನಮಗೆ ನೆನಪಾಗುವುದು ರಾಜಭವನ, ದೆಹಲಿಯ ನೇಮಕಾತಿ, ಸಹಿಗಾಗಿ ಕಾದು ಕೂತ ಮಸೂದೆ. ಪೆಸಿಫಿಕ್ ಸಾಗರದ ಮೈಕ್ರೊನೇಷ್ಯಾ ಸಂಯುಕ್ತ ರಾಜ್ಯಗಳ ವಿಷಯಕ್ಕೆ ಬಂದಾಗ ಆ ಚಿತ್ರವನ್ನು ಬದಿಗಿಡಬೇಕು. ಅಲ್ಲಿ ಗವರ್ನರ್‌ನನ್ನು ಜನರೇ ನೇರವಾಗಿ ವೋಟು ಹಾಕಿ ಆರಿಸುತ್ತಾರೆ. ಕೆಲಸದ ಲೆಕ್ಕದಲ್ಲಿ ಅವರು ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಆದರೆ ಶಾಸನಸಭೆಯಲ್ಲಿ ಬಹುಮತ ಇದೆಯೋ ಇಲ್ಲವೋ ಎಂದು ದಿನಾ ಎಣಿಸಿಕೊಂಡು ಕೂರಬೇಕಾಗಿಲ್ಲ. ‘ರಾಜ್ಯಪಾಲ’ ಎಂದು ಅನುವಾದಿಸಿದರೆ ಓದುಗರಿಗೆ ದಾರಿ ತಪ್ಪುತ್ತದೆ. ಹಾಗಾಗಿ ಇಲ್ಲಿ ಗವರ್ನರ್ ಎಂದೇ ಬರೆದಿದೆ.

ದೇಶದಲ್ಲಿರುವುದು ನಾಲ್ಕು ರಾಜ್ಯ: ಪಶ್ಚಿಮದಿಂದ ಪೂರ್ವಕ್ಕೆ ಯಾಪ್, ಚೂಕ್, ಪೋನ್ಪೇ, ಕೊಶ್ರಾಯ್. ಒಟ್ಟು 607 ದ್ವೀಪ, ಎಲ್ಲ ನೆಲ ಕೂಡಿಸಿದರೆ ಸುಮಾರು 700 ಚದರ ಕಿಲೋಮೀಟರ್. 2010ರ ಜನಗಣತಿಯಲ್ಲಿ ಸಿಕ್ಕ ಜನ 1,02,843. ಅದರಲ್ಲಿ ಯಾಪ್ ಪಾಲು 11,377. ಬೆಂಗಳೂರಿನ ಒಂದು ವಾರ್ಡಿನಲ್ಲಿ ಇದಕ್ಕಿಂತ ಹೆಚ್ಚು ಜನ ಇದ್ದಾರೆ. ಆದರೂ ಯಾಪ್ ಚುನಾವಣೆಯ ಬಗ್ಗೆ ವಾಷಿಂಗ್ಟನ್, ಬೀಜಿಂಗ್ ಎರಡೂ ಕಡೆ ಕಿವಿ ನಿಮಿರುತ್ತದೆ. ಹೊರಗಿನ ವರದಿಗಳೂ ಅದನ್ನು ‘ಅಮೆರಿಕ ಗೆದ್ದಿತೋ, ಚೀನಾ ಗೆದ್ದಿತೋ’ ಎಂಬ ಒಂದೇ ಗೆರೆಯಲ್ಲಿ ಮುಗಿಸಿಬಿಡುತ್ತವೆ. ಆ ಗೆರೆಯಿಂದ ಯಾಪ್‌ನಲ್ಲಿ ಏನೂ ಅರ್ಥವಾಗುವುದಿಲ್ಲ. ಅಲ್ಲಿ ಫಲಿತಾಂಶ ತೀರ್ಮಾನವಾಗುವುದು ಆರು–ನಾಲ್ಕರ ಲೆಕ್ಕದಲ್ಲಿ, ಹಡಗಿನ ಓಡಾಟದಲ್ಲಿ, ನೆಲ ಯಾರದೆಂಬ ಪ್ರಶ್ನೆಯಲ್ಲಿ.

ರಾಜ್ಯದ ಕೈಯಲ್ಲಿ ಏನಿದೆ

1979ರ ಮೇ 10ರಂದು ಜಾರಿಗೆ ಬಂದ ರಾಷ್ಟ್ರೀಯ ಸಂವಿಧಾನ ಬರೆದವರಿಗೆ ಬಲವಾದ ಕೇಂದ್ರ ಬೇಕಿರಲಿಲ್ಲ. ವಿದೇಶ ವ್ಯವಹಾರ, ಆದಾಯ ತೆರಿಗೆ, ಆಮದು ಸುಂಕ ಕೇಂದ್ರದ್ದು. ಹಾಗೆ ವಸೂಲಾದ ತೆರಿಗೆಯಲ್ಲಿ ಕಡಿಮೆಯೆಂದರೂ ಅರ್ಧ, ಅದು ಹುಟ್ಟಿದ ರಾಜ್ಯದ ಖಜಾನೆಗೆ ವಾಪಸಾಗಬೇಕು. ಶಾಲೆ, ಆಸ್ಪತ್ರೆ, ರಸ್ತೆ, ದ್ವೀಪಗಳ ನಡುವಿನ ಹಡಗು, ಇವನ್ನೆಲ್ಲ ದಿನನಿತ್ಯ ನಡೆಸುವುದು ರಾಜ್ಯ. ಭೂಮಿಯ ಕಾನೂನೂ ರಾಜ್ಯದ್ದೇ.

ಸಮುದ್ರವನ್ನು ಹಂಚಿದ ರೀತಿಯಲ್ಲೇ ಜಗಳದ ಬೀಜವಿದೆ. ತೀರದ ಗೆರೆಯಿಂದ 12 ಮೈಲಿಯವರೆಗೆ ರಾಜ್ಯ, ಅದರಾಚೆ ಕೇಂದ್ರ. ಟ್ಯೂನಾ ಮೀನಿನ ದೊಡ್ಡ ದುಡ್ಡು ಇರುವುದು ಆಚೆಯಲ್ಲಿ. ವಿದೇಶಿ ಹಡಗುಗಳು ಕಟ್ಟುವ ಶುಲ್ಕ ಪಾಲಿಕಿರ್‌ನಲ್ಲಿರುವ ಕೇಂದ್ರ ಸರ್ಕಾರಕ್ಕೆ ಹೋಗುತ್ತದೆ, ಅದನ್ನು ಎಲ್ಲಿ ಖರ್ಚು ಮಾಡಬೇಕೆಂದು ಹೇಳುವುದು 14 ಸದಸ್ಯರ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು. ಆ ಶುಲ್ಕದಲ್ಲೂ ಅರ್ಧ ಬೇಕೆಂದು ರಾಜ್ಯಗಳು ಕೋರ್ಟಿಗೆ ಹೋಗಿ ಸೋತವು. ಅಂದಿನಿಂದ ಯಾವ ರಾಜ್ಯದ ಯಾವ ಅಭ್ಯರ್ಥಿ ಎದ್ದು ನಿಂತರೂ ಮೀನಿನ ದುಡ್ಡಿನ ಮಾತು ಬಂದೇ ಬರುತ್ತದೆ.

ಇನ್ನೊಂದು ಆದಾಯ ಅಮೆರಿಕದ್ದು. 1986ರಲ್ಲಿ ಜಾರಿಗೆ ಬಂದ ‘ಮುಕ್ತ ಸಹಯೋಗ ಒಪ್ಪಂದ’ದಂತೆ ರಕ್ಷಣೆಯ ಹೊಣೆ ಅಮೆರಿಕದ್ದು, ಬೇರೆ ದೇಶದ ಸೇನೆಯನ್ನು ಈ ನೀರಿಗೆ ಬಿಟ್ಟುಕೊಳ್ಳದಿರುವ ಹಕ್ಕೂ ಅದರದ್ದೇ. ಬದಲಿಗೆ ಅನುದಾನ ಬರುತ್ತದೆ, ಮೈಕ್ರೊನೇಷ್ಯಾದ ಪ್ರಜೆಗಳು ವೀಸಾ ಇಲ್ಲದೆ ಅಮೆರಿಕಕ್ಕೆ ಹೋಗಿ ದುಡಿಯಬಹುದು. 2024ರ ಮಾರ್ಚ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ನವೀಕರಣದಲ್ಲಿ ಮುಂದಿನ 20 ವರ್ಷಕ್ಕೆ ಈ ದೇಶಕ್ಕೆ ಸಿಗುವುದು ಸುಮಾರು 330 ಕೋಟಿ ಡಾಲರ್. ಅದು ಶಿಕ್ಷಣ, ಆರೋಗ್ಯ, ಮೂಲಸೌಕರ್ಯ ಎಂದು ವಿಂಗಡಣೆಯಾಗಿಯೇ ಬರುತ್ತದೆ. ಗವರ್ನರ್ ಯಾರೇ ಆದರೂ ಬಜೆಟ್ಟಿನ ಬಹುಪಾಲು ಮೊದಲೇ ಬರೆದಿಟ್ಟಂತಿರುತ್ತದೆ. ‘ಸಂಬಳ ಏರಿಸುತ್ತೇನೆ’ ಎಂದು ಭಾಷಣ ಮಾಡುವ ಅಭ್ಯರ್ಥಿಯನ್ನು ಯಾಪ್‌ನ ಮತದಾರರು ಸ್ವಲ್ಪ ಅನುಮಾನದಿಂದ ನೋಡುವುದು ಇದಕ್ಕೇ.

ನಾಲ್ಕು ರಾಜ್ಯಕ್ಕೂ ಒಂದೇ ಅಚ್ಚು ಇಲ್ಲ. ಚೂಕ್‌ನಲ್ಲಿ ಎರಡು ಸದನ: 10 ಜನರ ಸೆನೆಟ್, 28 ಜನರ ಕೆಳಮನೆ. ಪೋನ್ಪೇಯಲ್ಲಿ 23 ಜನರ ಒಂದೇ ಸಭೆ, ಗವರ್ನರ್ ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಮತ ಬೇಕು, ಇಲ್ಲದಿದ್ದರೆ ಮೊದಲಿಬ್ಬರ ನಡುವೆ ಎರಡನೇ ಸುತ್ತು. ಕೊಶ್ರಾಯ್‌ನಲ್ಲಿ 14 ಜನ. ಅಲ್ಲಿ ಪಾರಂಪರಿಕ ಮುಖ್ಯಸ್ಥರ ವ್ಯವಸ್ಥೆ 19ನೇ ಶತಮಾನದಲ್ಲೇ ಕುಸಿದು, ಆ ಜಾಗದಲ್ಲಿ ಚರ್ಚ್ ಕೂತಿದೆ. ಯಾಪ್‌ನಲ್ಲಿ ಮಾತ್ರ ಮುಖ್ಯಸ್ಥರು ಸಂವಿಧಾನದ ಒಳಗೇ ಇದ್ದಾರೆ.

ಆರು ಮತ್ತು ನಾಲ್ಕು

ಯಾಪ್ ಅಂದರೆ ಎರಡು ಲೋಕ. ಒಂದು, ಹವಳದ ದಿಬ್ಬವೊಂದು ಸುತ್ತುಗಟ್ಟಿದ ನಾಲ್ಕು ಮುಖ್ಯ ದ್ವೀಪಗಳು: ಯಾಪ್, ಗಗಿಲ್-ತಮಿಲ್, ಮಾಪ್, ರುಮುಂಗ್. ಅಲ್ಲಿ ಗುಡ್ಡವಿದೆ, ಕೆಂಪು ಮಣ್ಣಿದೆ, ಗೆಡ್ಡೆಯ ಗದ್ದೆಗಳಿವೆ, ರಸ್ತೆ ಬದಿಯಲ್ಲಿ ತೂತು ಕೊರೆದ ಕಲ್ಲಿನ ದೊಡ್ಡ ಹಣದ ಬಿಲ್ಲೆಗಳು ನಿಂತಿವೆ. ರಾಜಧಾನಿ ಕೊಲೋನಿಯಾ. (ಪೋನ್ಪೇಯಲ್ಲೂ ಇದೇ ಹೆಸರಿನ ಪಟ್ಟಣವಿದೆ, ಕಾಗುಣಿತದಲ್ಲಿ ಮಾತ್ರ ಒಂದಕ್ಷರದ ವ್ಯತ್ಯಾಸ. ಸುದ್ದಿ ಓದುವಾಗ ಎರಡನ್ನೂ ಕಲಸಿಕೊಳ್ಳುವುದು ಮಾಮೂಲು.) ಇನ್ನೊಂದು ಲೋಕ ಹೊರದ್ವೀಪಗಳದ್ದು: ಉಲಿಥಿ, ಫಾಯಿಸ್, ವೊಲೆಯಾಯ್, ಇಫಲಿಕ್, ಲಾಮೊಟ್ರೆಕ್, ಕೊನೆಗೆ ಸಾತವಾಲ್. ಹೆಚ್ಚಿನವು ನೀರಿನ ಮಟ್ಟದಿಂದ ಕೆಲವೇ ಅಡಿ ಎದ್ದ ಮರಳಿನ ಪಟ್ಟಿಗಳು. ಉಲಿಥಿ ಮುಖ್ಯ ದ್ವೀಪದಿಂದ ಸುಮಾರು 180 ಕಿ.ಮೀ., ಸಾತವಾಲ್ ಸುಮಾರು 1000 ಕಿ.ಮೀ. ಬೆಂಗಳೂರಿನಿಂದ ಮುಂಬೈಗೆ ಹೋದಷ್ಟು ದೂರ, ನಡುವೆ ಬರೀ ನೀರು.

ಭಾಷೆಯೂ ಬೇರೆ. ಯಾಪೀಸ್ ಮಾತಾಡುವವರಿಗೆ ಉಲಿಥಿಯ ಮಾತಾಗಲಿ ಸಾತವಾಲ್‌ನ ಮಾತಾಗಲಿ ತಿಳಿಯುವುದಿಲ್ಲ. ಹೊರದ್ವೀಪಗಳ ಭಾಷೆಗಳು ಚೂಕ್ ಕಡೆಯ ನಂಟಸ್ತಿಕೆಯವು. ಹಿಂದೆ ಹೊರದ್ವೀಪದವರು ದೋಣಿ ಕಟ್ಟಿಕೊಂಡು ಗಗಿಲ್‌ನ ಗಚ್ಪರ್ ಊರಿಗೆ ಕಾಣಿಕೆ ತರುತ್ತಿದ್ದರು: ನೇಯ್ದ ಬಟ್ಟೆ, ತೆಂಗಿನ ನಾರಿನ ಹಗ್ಗ, ಎಣ್ಣೆ. ವಾಪಸು ಹೋಗುವಾಗ ಗೆಡ್ಡೆ, ಅರಿಸಿನ, ಮರ ಒಯ್ಯುತ್ತಿದ್ದರು. ಚಂಡಮಾರುತ ಬಡಿದು ತೋಟ ಹಾಳಾದ ವರ್ಷ ಈ ನಂಟೇ ಅವರ ಹೊಟ್ಟೆ ತುಂಬಿಸುತ್ತಿತ್ತು. ಯಾಪ್‌ನವರು ಇದನ್ನು ತಂದೆ–ಮಕ್ಕಳ ಸಂಬಂಧ ಎಂದು ಕರೆದರು. ‘ಮಕ್ಕಳು’ ಎನಿಸಿಕೊಂಡವರಿಗೆ ಅದರಲ್ಲಿ ಪ್ರೀತಿಯ ಜೊತೆಗೆ ಕೀಳು ಸ್ಥಾನವೂ ಕಾಣುತ್ತಿತ್ತು. ಇವತ್ತಿನ ಸೀಟು ಹಂಚಿಕೆಯ ಕೆಳಗೆ ಈ ಹಳೆಯ ಲೆಕ್ಕ ಇನ್ನೂ ಜೀವಂತವಾಗಿದೆ.

ಶಾಸನಸಭೆಯಲ್ಲಿ 10 ಸ್ಥಾನ. ಮುಖ್ಯ ದ್ವೀಪಗಳಿಗೆ 6, ಹೊರದ್ವೀಪಗಳಿಗೆ 4. ಅವಧಿ ನಾಲ್ಕು ವರ್ಷ, ಗವರ್ನರ್ ಚುನಾವಣೆಯ ಜೊತೆಗೇ ಇದಕ್ಕೂ ಮತದಾನ. 2010ರಲ್ಲಿ ಮುಖ್ಯ ದ್ವೀಪಗಳಲ್ಲಿ 7,371 ಜನ, ಹೊರದ್ವೀಪಗಳಲ್ಲಿ 4,006. ಅಂದರೆ ಶೇ 35ರಷ್ಟು ಜನಕ್ಕೆ ಶೇ 40ರಷ್ಟು ಸೀಟು. ಹೊರದ್ವೀಪಗಳಿಗೆ ಸ್ವಲ್ಪ ಲಾಭ ಅನ್ನಿಸುತ್ತದೆ. ಆದರೆ ಆರು ಜನ ಒಟ್ಟಾದರೆ ಹತ್ತರಲ್ಲಿ ಅದೇ ಬಹುಮತ. ಹೊರದ್ವೀಪದ ನಾಲ್ವರಿಗೆ ಬೆಲೆ ಬರುವುದು ಆ ಆರರಲ್ಲಿ ಬಿರುಕು ಬಿಟ್ಟಾಗ. ಬಿರುಕು ಬಿಡುವುದೇ ಹೆಚ್ಚು, ಏಕೆಂದರೆ ಅವರನ್ನು ಕಟ್ಟಿಹಾಕುವ ಪಕ್ಷ ಎಂಬುದೇ ಇಲ್ಲ. ಇಡೀ ದೇಶದಲ್ಲಿ ರಾಜಕೀಯ ಪಕ್ಷಗಳಿಲ್ಲ.

ಗವರ್ನರ್ ಹುದ್ದೆಗೆ ಬೇರೆ ಮದ್ದು ಅರೆದಿದ್ದಾರೆ. ಗವರ್ನರ್ ಮುಖ್ಯ ದ್ವೀಪದವರಾದರೆ ಲೆಫ್ಟಿನೆಂಟ್ ಗವರ್ನರ್, ಅಂದರೆ ಉಪ ಗವರ್ನರ್, ಹೊರದ್ವೀಪದವರಾಗಿರಬೇಕು. ಗವರ್ನರ್ ಹೊರದ್ವೀಪದವರಾದರೆ ಜೊತೆಗಾರ ಮುಖ್ಯ ದ್ವೀಪದವರು. ಇದು ಸಂವಿಧಾನದ ಮಾತು, ಒಳ್ಳೆಯತನಕ್ಕೆ ಬಿಟ್ಟದ್ದಲ್ಲ. ಪ್ರಚಾರದಲ್ಲಿ ಇದರ ಪರಿಣಾಮ ತುಂಬಾ ನೇರ: ಜೊತೆಗಾರನೇ ಅಭ್ಯರ್ಥಿಯ ನಾಲಿಗೆ. ವೊಲೆಯಾಯ್‌ಗೆ ಹೋಗಿ ವೊಲೆಯಾಯ್ ಭಾಷೆಯಲ್ಲೇ ‘ನಿಮ್ಮ ಔಷಧಿ ಯಾಕೆ ತಡವಾಯಿತು’ ಎಂದು ಹೇಳಬಲ್ಲವರು ಟಿಕೆಟ್ಟಿನಲ್ಲಿ ಇಲ್ಲದಿದ್ದರೆ ಆ ಸಾಲಿನ ದ್ವೀಪಗಳ ಆಸೆಯನ್ನು ಬಿಟ್ಟುಬಿಡಬೇಕು.

ಈ ಜೋಡಿಗೆ ಇನ್ನೊಂದು ಮಗ್ಗುಲಿದೆ. ಗವರ್ನರ್ ನಡುವೆ ಬಿದ್ದರೆ ಕುರ್ಚಿ ಅವತ್ತೇ ಇನ್ನೊಂದು ಲೋಕದ ಕೈಗೆ ಹೋಗುತ್ತದೆ. 2019ರ ಜನವರಿಯಲ್ಲಿ ಅಧಿಕಾರಕ್ಕೆ ಬಂದ ಹೆನ್ರಿ ಫಾಲನ್ ಅವರನ್ನು 2021ರ ಡಿಸೆಂಬರಿನಲ್ಲಿ ಶಾಸನಸಭೆ ಪದಚ್ಯುತಗೊಳಿಸಿತು, ಲೆಫ್ಟಿನೆಂಟ್ ಗವರ್ನರ್ ಜೆಸ್ಸಿ ಸಲಾಲು ಗವರ್ನರ್ ಆದರು. ಹತ್ತೇ ಜನರ ಸಭೆ ನೇರವಾಗಿ ಗೆದ್ದ ಗವರ್ನರ್‌ನನ್ನು ಮನೆಗೆ ಕಳಿಸಬಲ್ಲದು ಎಂಬುದು ಅಲ್ಲಿ ಸಾಬೀತಾಯಿತು. ಮೊದಲಿನ ಮೂವರು, ಅಂದರೆ ಜಾನ್ ಮಂಗೆಫೆಲ್, ಪೆಟ್ರಸ್ ತುನ್, ವಿನ್ಸೆಂಟ್ ಫಿಗಿರ್, ತಲಾ ಎಂಟು ವರ್ಷ ಕೂತವರು. 2015ರ ಈಚೆಗೆ ಅಷ್ಟು ಕಾಲ ಕೂತವರು ಯಾರೂ ಇಲ್ಲ. 2022ರ ನವೆಂಬರಿನಲ್ಲಿ ಗೆದ್ದ ಚಾರ್ಲ್ಸ್ ಚಿಯೆಂಗ್ 2023ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡರು. ನಾಲ್ಕು ವರ್ಷದ ಚಕ್ರದಲ್ಲಿ ಅದರ ಮುಂದಿನ ಮತದಾನ 2026ರ ನವೆಂಬರಿನದು. ಗವರ್ನರ್ ಯಾರು ಎಂದು ಕೇಳುವಷ್ಟೇ ಆಸ್ಥೆಯಿಂದ ಆ ಹತ್ತು ಜನ ಯಾರು ಎಂದೂ ಕೇಳಬೇಕು.

ಒಲೆಯ ಮೂರು ಕಲ್ಲು

ಯಾಪ್ ಸಂವಿಧಾನ ಜಾರಿಗೆ ಬಂದದ್ದು 1982ರ ಡಿಸೆಂಬರ್ 24ರಂದು. ಅದರಲ್ಲಿ ‘ದಲಿಪ್ ಪಿ ಙುಚೊಲ್’ ಎಂಬ ಮಾತಿದೆ. (ನಮ್ಮ ವರ್ಣಮಾಲೆಯ ‘ಙ’ಗೆ ಕೊನೆಗೂ ಪದದ ಮೊದಲಲ್ಲಿ ಒಂದು ಕೆಲಸ ಸಿಕ್ಕಿತು.) ಅಡುಗೆ ಮಡಕೆಯನ್ನು ಎತ್ತಿ ಹಿಡಿಯುವ ಮೂರು ಕಲ್ಲು ಎಂದು ಅರ್ಥ. ಗಗಿಲ್, ತಮಿಲ್, ರುಲ್ ಪ್ರದೇಶಗಳ ಮೂರು ಮೇಲಿನ ಮನೆತನಗಳ ಊರುಗಳು ಆ ಮೂರು ಕಲ್ಲು. ಒಂದು ಜಾರಿದರೂ ಮಡಕೆ ಉರುಳುತ್ತದೆ. ಮೂರು ಕಲ್ಲಿನ ಒಲೆ ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಂವಿಧಾನ ಎರಡು ಮಂಡಳಿಗಳನ್ನು ಇಟ್ಟಿದೆ: ಮುಖ್ಯ ದ್ವೀಪಗಳ ಮುಖ್ಯಸ್ಥರ ‘ಪಿಲುಂಗ್’ ಮಂಡಳಿ, ಹೊರದ್ವೀಪಗಳ ಮುಖ್ಯಸ್ಥರ ‘ತಮೊಲ್’ ಮಂಡಳಿ. ಇವರಿಗೆ ವೋಟು ಹಾಕುವವರಿಲ್ಲ. ಆದರೆ ಮಸೂದೆಯೊಂದು ನಡೆಯುವ ದಾರಿ ನೋಡಿ. ಶಾಸನಸಭೆ ಅಂಗೀಕರಿಸಿದ ಮೇಲೆ ದೃಢೀಕರಿಸಿದ ಪ್ರತಿ ಮಂಡಳಿಗಳಿಗೆ ಹೋಗುತ್ತದೆ. ಅದು ಸಂಪ್ರದಾಯವನ್ನೋ ಮುಖ್ಯಸ್ಥರ ಪಾತ್ರವನ್ನೋ ಮುಟ್ಟುತ್ತದೆ ಅನ್ನಿಸಿದರೆ ಅವರು ತಿರಸ್ಕರಿಸಿ, ಆಕ್ಷೇಪ ಬರೆದು ವಾಪಸು ಕಳಿಸಬಹುದು. ಶಾಸನಸಭೆ ಆ ಆಕ್ಷೇಪಕ್ಕೆ ತಕ್ಕಂತೆ ತಿದ್ದಿ ಮತ್ತೆ ಕಳಿಸಬಹುದು, ಅಷ್ಟೇ. ‘ಇದು ಸಂಪ್ರದಾಯದ ವಿಷಯ ಹೌದೋ ಅಲ್ಲವೋ’ ಎಂದು ತೀರ್ಮಾನಿಸುವವರು ಯಾರು? ಅದೇ ಮಂಡಳಿಗಳು. ಇಡೀ ವ್ಯವಸ್ಥೆಯ ಕೀಲಿ ಈ ಕೊನೆಯ ವಾಕ್ಯದಲ್ಲಿದೆ. ಯಾಪ್‌ನಲ್ಲಿ ನೆಲ, ನೆಲಕ್ಕೆ ಅಂಟಿದ ನೀರು, ದಿಬ್ಬದೊಳಗಿನ ಮೀನು ಎಲ್ಲವೂ ಮನೆತನದ ಆಸ್ತಿ, ಊರಿನ ಹಕ್ಕು. ಹಾಗಿರುವಾಗ ಸಂಪ್ರದಾಯ ಮುಟ್ಟದ ಮಸೂದೆ ಯಾವುದಿದೆ?

2011ರ ನಂತರದ ಕೆಲವು ವರ್ಷ ಚೀನಾದ ಪ್ರವಾಸೋದ್ಯಮ ಕಂಪನಿಯೊಂದು ಯಾಪ್‌ನಲ್ಲಿ ಸಾವಿರಾರು ಕೋಣೆಗಳ ರೆಸಾರ್ಟು ಕಟ್ಟಲು ಬಂದಾಗ ಇದೆಲ್ಲ ಒರೆಗೆ ಹತ್ತಿತು. ಕಂಪನಿ ರಾಜ್ಯದ ಜೊತೆ ಒಪ್ಪಂದ ಮಾಡಿಕೊಂಡಿತು, ಹಲವು ಕುಟುಂಬಗಳಿಂದ ದೀರ್ಘ ಗುತ್ತಿಗೆಯನ್ನೂ ಬರೆಸಿಕೊಂಡಿತು. ವಿದೇಶಿಯರು ಭೂಮಿ ಕೊಳ್ಳುವಂತಿಲ್ಲ, ಅನಿರ್ದಿಷ್ಟ ಅವಧಿಗೆ ಗುತ್ತಿಗೆಯೂ ಇಲ್ಲ ಎಂದು ರಾಷ್ಟ್ರೀಯ ಸಂವಿಧಾನ ಹೇಳುತ್ತದೆ. ಅವಧಿ ನಮೂದಿಸಿದ ಗುತ್ತಿಗೆಗೆ ಅಡ್ಡಿಯಿಲ್ಲ. ಆದರೆ ಒಬ್ಬ ಅಣ್ಣ ಸಹಿ ಹಾಕಿದರೆ ತಂಗಿಯ ಮಕ್ಕಳ ಹಕ್ಕು ಏನಾಗುತ್ತದೆ? ಅಷ್ಟು ಜನಕ್ಕೆ ಕುಡಿಯುವ ನೀರು ಎಲ್ಲಿಂದ? ಮುಖ್ಯಸ್ಥರು ವಿರೋಧಕ್ಕೆ ನಿಂತರು, ಊರುಗಳು ಒಳಗೊಳಗೇ ಎರಡು ಭಾಗವಾದವು, ಯೋಜನೆ ಮೇಲೇಳಲೇ ಇಲ್ಲ. ಗವರ್ನರ್‌ನ ಸಹಿ ಬಿದ್ದಿತ್ತು ಎಂಬುದರಿಂದ ಏನೂ ಆಗಲಿಲ್ಲ. ಪ್ರತಿಯೊಬ್ಬ ಹೂಡಿಕೆದಾರನೂ ಯಾಪ್‌ನಲ್ಲಿ ಮಾಡುವ ಮೊದಲ ತಪ್ಪು ಇದು: ಕೊಲೋನಿಯಾದ ಕಚೇರಿಯಲ್ಲಿ ಕೆಲಸ ಮುಗಿಯಿತು ಎಂದುಕೊಳ್ಳುವುದು.

ಹಾಗಂತ ಮಂಡಳಿಗಳನ್ನು ಹೂವಿನ ಮೇಲೆ ಕೂರಿಸಬೇಕಾಗಿಲ್ಲ. ಯಾಪ್‌ನ ಊರುಗಳಲ್ಲಿ ಮೇಲು–ಕೀಳಿನ ಶ್ರೇಣಿ ಇದೆ, ಮಂಡಳಿಯಲ್ಲಿ ಕೂರುವವರು ಮೇಲಿನ ಊರಿನ ಗಂಡಸರು. ಕೆಳಗಿನ ಊರಿನ ಹುಡುಗನಿಗೂ ಯಾವ ಊರಿನ ಹೆಣ್ಣುಮಗಳಿಗೂ ಆ ಬಾಗಿಲು ತೆರೆಯುವುದಿಲ್ಲ, ಮತಪೆಟ್ಟಿಗೆಯ ಬಾಗಿಲಾದರೂ ತೆರೆದಿದೆ. ರೆಸಾರ್ಟನ್ನು ತಡೆದ ಅಧಿಕಾರವೇ ಬೇರೆ ದಿನ ಬೇರೆಯದನ್ನೂ ತಡೆಯಬಲ್ಲದು.

ವೋಟು ದಾಟುವ ನೀರು

ಪ್ರಚಾರ ಎಂದರೆ ಮೈಕು, ರೋಡ್ ಶೋ ಅಲ್ಲ. ಯಾಪ್‌ನ ದೊಡ್ಡವರು ಯಾರೇ ಆಗಲಿ ತೆಂಗಿನ ಗರಿಯಲ್ಲಿ ಹೆಣೆದ ಬುಟ್ಟಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡೇ ಓಡಾಡುತ್ತಾರೆ. ಒಳಗೆ ಹಸಿ ಅಡಿಕೆ, ಎಲೆ, ಹವಳ ಸುಟ್ಟು ಮಾಡಿದ ಸುಣ್ಣ. ನಮ್ಮಲ್ಲಿ ಒಣಗಿಸಿ ಬೇಯಿಸಿ ಸಂಸ್ಕರಿಸುವ ಅಡಿಕೆಯನ್ನು ಅವರು ಎಳಸಾಗಿರುವಾಗಲೇ ಹಲ್ಲಿನಲ್ಲಿ ಸೀಳಿ, ಸುಣ್ಣ ಉದುರಿಸಿ, ಎಲೆ ಸುತ್ತಿ ದವಡೆಗೆ ಒತ್ತುತ್ತಾರೆ. ಅಭ್ಯರ್ಥಿ ಬಂದ, ಕೂತ, ಬುಟ್ಟಿ ತೆರೆದ, ಎರಡು ಅಡಿಕೆ ಕೈಗಿತ್ತ. ಆಮೇಲೆ ಮಾತು. ಯಾರ ಮನೆಗೆ ಮೊದಲು ಹೋದ, ಯಾರಿಗೆ ಹೇಳಿ ಕಳಿಸದೆ ಹೋದ ಎಂಬುದು ಅವನ ಪ್ರಣಾಳಿಕೆಗಿಂತ ಮೊದಲು ಊರಿಗೆ ಹಬ್ಬುತ್ತದೆ.

ಕಷ್ಟವಿರುವುದು ಹೊರದ್ವೀಪಗಳಲ್ಲಿ. ಉಲಿಥಿ, ಫಾಯಿಸ್‌ಗೆ ಚಿಕ್ಕ ವಿಮಾನ ಹೋಗಬಲ್ಲದು. ಉಳಿದವಕ್ಕೆ ಸರ್ಕಾರಿ ಹಡಗೇ ಗತಿ, ಅದನ್ನು ಅಲ್ಲಿ ‘ಫೀಲ್ಡ್ ಟ್ರಿಪ್’ ಹಡಗು ಎನ್ನುತ್ತಾರೆ. 10 ನಾಟ್ (ಗಂಟೆಗೆ ಸುಮಾರು 18.5 ಕಿ.ಮೀ.) ವೇಗದಲ್ಲಿ ಎಲ್ಲೂ ನಿಲ್ಲದೆ ಹೋದರೂ ಸಾತವಾಲ್‌ಗೆ ಎರಡು ಹಗಲು ಎರಡು ರಾತ್ರಿಗಿಂತ ಹೆಚ್ಚು ಬೇಕು. ಆದರೆ ಹಡಗು ಪ್ರತಿ ದ್ವೀಪದಲ್ಲೂ ನಿಲ್ಲುತ್ತದೆ. ಸಣ್ಣ ದ್ವೀಪಗಳಲ್ಲಿ ಕಟ್ಟೆ ಇಲ್ಲ, ಹಡಗು ದಿಬ್ಬದ ಹೊರಗೆ ತೇಲುತ್ತಿರುತ್ತದೆ, ಅಕ್ಕಿ ಮೂಟೆ, ಪೆಟ್ರೋಲ್ ಡ್ರಮ್ಮು, ಶಾಲೆಯ ಮಕ್ಕಳು, ಮತಪೆಟ್ಟಿಗೆ ಎಲ್ಲವೂ ಮೋಟಾರು ದೋಣಿಯಲ್ಲಿ ಅಲೆ ಒಡೆಯುವ ಸಂದಿಯನ್ನು ನೋಡಿಕೊಂಡು ದಾಟಬೇಕು. ಗಾಳಿ ಎದ್ದರೆ ದಾಟುವಂತಿಲ್ಲ. ಮತದಾನ ಬರುವುದು ನವೆಂಬರಿನಲ್ಲಿ, ಪಶ್ಚಿಮ ಪೆಸಿಫಿಕ್‌ನಲ್ಲಿ ಚಂಡಮಾರುತಗಳು ಇನ್ನೂ ಓಡಾಡುವ ಕಾಲದಲ್ಲಿ. ಹಡಗಿನ ಎಂಜಿನ್ ಕೆಟ್ಟು ಕೊಲೋನಿಯಾದಲ್ಲೇ ಕೂತರೆ ಎರಡು ಪೆಟ್ಟು: ಮತಪತ್ರ ತಲುಪುವುದು ಕಷ್ಟ, ‘ನಾಲ್ಕು ವರ್ಷದಲ್ಲಿ ಹಡಗು ರಿಪೇರಿ ಮಾಡಿಸಲಿಲ್ಲ’ ಎಂಬ ಸಿಟ್ಟೂ ಅದೇ ವಾರ ಪೆಟ್ಟಿಗೆಗೆ ಬೀಳುತ್ತದೆ.

ಇನ್ನೊಂದು ತೊಡಕು ಯಾರು ಎಲ್ಲಿಯವರು ಎಂಬುದು. ಹೊರದ್ವೀಪದ ಎಷ್ಟೋ ಕುಟುಂಬಗಳು ಆಸ್ಪತ್ರೆಗೆ, ಕಾಲೇಜಿಗೆ, ಕೆಲಸಕ್ಕೆ ಎಂದು ಬಂದು ಕೊಲೋನಿಯಾದ ಮಡ್ರಿಚ್‌ನಂಥ ಕಿಷ್ಕಿಂಧೆ ಜಾಗಗಳಲ್ಲಿ ನೆಲೆಸಿವೆ. ಅಮೆರಿಕದ ಗುಆಮ್, ಹವಾಯಿ ಸೇರಿದವರು ಇನ್ನೆಷ್ಟೋ. ಮೈಕ್ರೊನೇಷ್ಯಾದಲ್ಲಿ ಜನ ಮನೆ ಎಲ್ಲೇ ಇರಲಿ, ಹುಟ್ಟಿದ ದ್ವೀಪದ ಮತದಾರರಾಗಿಯೇ ಉಳಿಯಲು ಬಯಸುತ್ತಾರೆ. ಹೊರಗಿರುವವರ ಗೈರುಹಾಜರಿ ಮತಗಳು ಹೀಗೆ ಚಿಕ್ಕ ಕ್ಷೇತ್ರಗಳಲ್ಲಿ ಭಾರಿ ತೂಗುತ್ತವೆ. ಸಾತವಾಲ್‌ನಲ್ಲಿರುವುದೇ ಸುಮಾರು 500 ಜನ, ಮಕ್ಕಳನ್ನು ಕಳೆದರೆ ಮತದಾರರು ಎಷ್ಟು ಉಳಿದಾರು? ಅಲ್ಲಿ ಒಂದು ಕುಟುಂಬ ಗುಆಮ್‌ನಿಂದ ಕಳಿಸಿದ ಹತ್ತು ಮತ ಫಲಿತಾಂಶ ತಿರುಗಿಸಬಹುದು. ಮೊದಲ ರಾತ್ರಿ ಕೊಲೋನಿಯಾದಿಂದ ಬರುವ ಎಣಿಕೆಯನ್ನು ನೋಡಿ ಗೆದ್ದವರ ಹೆಸರು ಬರೆಯುವ ವರದಿಗಾರರು ಎಡವುವುದು ಇಲ್ಲಿಯೇ. ಅದು ಮುಖ್ಯ ದ್ವೀಪದ ಎಣಿಕೆ ಮಾತ್ರ.

ರನ್‌ವೇ ಮತ್ತು ರಾಜತಾಂತ್ರಿಕತೆ

ಈಗ ದೊಡ್ಡ ರಾಷ್ಟ್ರಗಳ ವಿಷಯ. 1944ರಲ್ಲಿ ಉಲಿಥಿಯ ದಿಬ್ಬದೊಳಗೆ ಅಮೆರಿಕ ನೂರಾರು ಯುದ್ಧನೌಕೆಗಳನ್ನು ತಂದು ನಿಲ್ಲಿಸಿತ್ತು. ಆ ಭೂಪಟವನ್ನು ಸೈನ್ಯದವರು ಮರೆತಿಲ್ಲ. ಯಾಪ್ ವಿಮಾನ ನಿಲ್ದಾಣದ ರನ್‌ವೇ ಉದ್ದ ಮಾಡಲು ಅಮೆರಿಕದ ವಾಯುಪಡೆ ಹಾಕಿಕೊಂಡ ಯೋಜನೆಯ ಅಂದಾಜು ಸುಮಾರು 40 ಕೋಟಿ ಡಾಲರ್. ಇತ್ತ ವೊಲೆಯಾಯ್‌ನಲ್ಲಿ ಜಪಾನೀಯರು ಯುದ್ಧಕಾಲದಲ್ಲಿ ಮಾಡಿದ್ದ ವಿಮಾನ ಇಳಿಯುವ ಪಟ್ಟಿಯನ್ನು ಚೀನೀ ಕಂಪನಿಯೊಂದು ಸರಿಪಡಿಸುವ ಕೆಲಸ 2025ರಲ್ಲಿ ಸುದ್ದಿಯಾಯಿತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಗವರ್ನರ್ ಚುನಾವಣೆ ಚದುರಂಗದ ಹಾಸಿನಂತೆ ಕಾಣುತ್ತದೆ.

ವೊಲೆಯಾಯ್‌ನ ಮತದಾರಳಿಗೆ ಹಾಗೆ ಕಾಣುವುದಿಲ್ಲ. ಪಟ್ಟಿ ಸರಿಯಾದರೆ ಹೆರಿಗೆ ಕಷ್ಟವಾದವಳನ್ನು ಗಂಟೆಗಳಲ್ಲಿ ಆಸ್ಪತ್ರೆಗೆ ಮುಟ್ಟಿಸಬಹುದು, ಇಲ್ಲವಾದರೆ ಹಡಗು ಕಾಯಬೇಕು. ಡಾಂಬರು ಯಾರದೆಂಬುದು ಅವಳಿಗೆ ಎರಡನೇ ಪ್ರಶ್ನೆ. ವಿದೇಶಾಂಗ ನೀತಿ ರಾಜ್ಯದ ಕೈಯಲ್ಲೂ ಇಲ್ಲ. 1989ರಿಂದ ಬೀಜಿಂಗ್ ಜೊತೆ ಇರುವ ರಾಜತಾಂತ್ರಿಕ ಸಂಬಂಧ ಪಾಲಿಕಿರ್‌ನ ನಿರ್ಧಾರ.

ಆದರೆ ಆ ಪಾಲಿಕಿರ್ ಕೂಡ ರಾಜ್ಯಗಳ ಮತದಾರರ ಮೇಲೆ ನಿಂತಿದೆ. ಅಧ್ಯಕ್ಷರನ್ನು ಜನ ನೇರವಾಗಿ ಆರಿಸುವುದಿಲ್ಲ. ರಾಜ್ಯಕ್ಕೊಬ್ಬರಂತೆ ನಾಲ್ಕು ವರ್ಷಕ್ಕೆ ಗೆದ್ದು ಬಂದ ನಾಲ್ವರಲ್ಲಿ ಒಬ್ಬರನ್ನು ಕಾಂಗ್ರೆಸ್ ಆರಿಸುತ್ತದೆ. 2023ರ ಮಾರ್ಚ್‌ನಲ್ಲಿ ಅಧ್ಯಕ್ಷ ಡೇವಿಡ್ ಪನುವೆಲೊ ಪೋನ್ಪೇಯ ತಮ್ಮ ಸೀಟನ್ನೇ ಕಳೆದುಕೊಂಡರು. ಚೀನಾ ತಮ್ಮ ದೇಶದಲ್ಲಿ ರಾಜಕೀಯ ಸಮರ ನಡೆಸುತ್ತಿದೆ ಎಂದು ಅವರು ಬರೆದ ಪತ್ರ ಜಗತ್ತಿಗೆಲ್ಲ ಸುದ್ದಿಯಾದದ್ದು ಸೋತ ಕೆಲವೇ ದಿನಗಳಲ್ಲಿ. ಅವರ ಜಾಗಕ್ಕೆ ಆ ಮೇ ತಿಂಗಳಲ್ಲಿ ಬಂದವರು ವೆಸ್ಲಿ ಸಿಮಿನಾ. ಸಿಮಿನಾ ಮೊದಲು ಚೂಕ್‌ನ ಗವರ್ನರ್ ಆಗಿದ್ದವರು.

ಹಾಗಾಗಿ ಯಾಪ್ ಫಲಿತಾಂಶ ಬಂದ ದಿನ ನೋಡಬೇಕಾದದ್ದು ಇಷ್ಟು. ಗೆದ್ದ ಜೋಡಿಗೆ ಹೊರದ್ವೀಪಗಳ ಎಣಿಕೆಯಲ್ಲಿ ಮುನ್ನಡೆ ಇತ್ತೋ, ಮುಖ್ಯ ದ್ವೀಪದ ಬಲದಲ್ಲೇ ದಾಟಿದರೋ. ಮುಖ್ಯ ದ್ವೀಪದ ಆರು ಶಾಸಕರಲ್ಲಿ ಎಷ್ಟು ಜನ ಹೊಸಬರು. ಜನವರಿಯಲ್ಲಿ ಪ್ರಮಾಣವಚನ ಮುಗಿದು ಸಭೆ ಕೂತ ಮೇಲೆ ಸ್ಪೀಕರ್ ಯಾರಾದರು, ಅವರ ಹಿಂದೆ ಹೊರದ್ವೀಪದ ನಾಲ್ವರು ನಿಂತರೋ ಇಲ್ಲವೋ. ರನ್‌ವೇಗೆ ಹತ್ತಿದ ನೆಲ, ಅದರಂಚಿನ ಮ್ಯಾಂಗ್ರೋವ್, ಕಲ್ಲು ತೆಗೆಯುವ ಜಾಗ ಇವುಗಳಿಗೆ ಸಂಬಂಧಿಸಿದ ಮೊದಲ ಮಸೂದೆ ಬಂದಾಗ ದೃಢೀಕರಿಸಿದ ಪ್ರತಿ ಎರಡು ಮಂಡಳಿಗಳಿಗೆ ಹೋಗುತ್ತದೆ. ತಮೊಲ್ ಮಂಡಳಿಯವರು ಸೇರಿ ಕೂತು ಅದನ್ನು ಓದಬೇಕೆಂದರೆ, ಮತ್ತೆ ಆ ಹಡಗೇ ದ್ವೀಪದಿಂದ ದ್ವೀಪಕ್ಕೆ ಹೋಗಿ ಅವರನ್ನು ಹತ್ತಿಸಿಕೊಂಡು ಬರಬೇಕು.